ಭಾವನ ಬ್ಯಾನರು, ಬಾಡಿಗೆ ಸಾಫ್ಟ್‌ವೇರು

ಮಾದೇಶನ ಆ ದಿನದ ಪಡಿಪಾಟಲೆಲ್ಲ ಶುರುವಾದದ್ದು ಅವನ ತೋರುಬೆರಳಿನಿಂದ.

ಸೂಳಗಿರಿ ಬಸ್‌ಸ್ಟ್ಯಾಂಡಿನ ಪಕ್ಕ ಅವನದೊಂದು ಪುಟ್ಟ ಅಂಗಡಿ. ಮದುವೆ, ಗೃಹಪ್ರವೇಶ, ಕಿವಿ ಚುಚ್ಚುವ ಶಾಸ್ತ್ರ, ಯಾರ ಮನೆಯಲ್ಲಿ ಏನೇ ನಡೆದರೂ ನೆಂಟರ ಮುಖಗಳನ್ನೆಲ್ಲ ಸಾಲಾಗಿ ಕೂರಿಸಿ ಫ್ಲೆಕ್ಸ್ ಬ್ಯಾನರ್ ಬರೆದುಕೊಡುವುದು ಅವನ ಕಸುಬು. ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ಮುನೇಶ್ವರನಿಗೆ ಕೈಮುಗಿದು, ಆಮೇಲೆ ಗುಂಡಿ ಒತ್ತುವುದು. ಬ್ಯಾನರ್ ಬರೆಯುವ ಸಾಫ್ಟ್‌ವೇರು ತಿಂಗಳ ಬಾಡಿಗೆಯದು. ಅದು ತೆರೆಯುವಾಗಲೆಲ್ಲ ಒಂದು ಚೌಕ ಎದ್ದು ಬಂದು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಮಾದೇಶ ಅದನ್ನು ಯಾವತ್ತೂ ಪೂರ್ತಿ ಓದಿದವನಲ್ಲ. ಮೂಲೆಯ ಇಂಟು ಗುರುತಿನ ಮೇಲೆ ಬೆರಳು ಒತ್ತಿ, ನೊಣ ಓಡಿಸಿದ ಹಾಗೆ ಓಡಿಸಿಬಿಡುತ್ತಿದ್ದ.

ಆವತ್ತು ಚೌಕ ಬಂತು. ಮೊದಲನೇ ಸಾಲು ಕಣ್ಣಿಗೆ ಬಿತ್ತು: ನಿಮ್ಮ ಚಂದಾ ಮುಗಿದಿದೆ. ಕೆಳಗೆ ಇನ್ನೂ ಏನೇನೋ ಇತ್ತು. ಅಷ್ಟರಲ್ಲಿ ಮಾದೇಶನ ಬೆರಳು ತಂತಾನೇ ಇಂಟು ಗುರುತಿಗೆ ಹೋಗಿತ್ತು. ಚೌಕ ಮಾಯವಾಯಿತು. ಅದರ ಜೊತೆ ಅವನು ವಾರವೆಲ್ಲ ಕೂತು ಮಾಡಿದ್ದ ಬ್ಯಾನರಿಗೂ ಬೀಗ ಬಿತ್ತು.

ಅದು ಯಾರದೋ ಬ್ಯಾನರ್ ಆಗಿದ್ದರೆ ನಾಳೆ ಬನ್ನಿ ಎನ್ನಬಹುದಿತ್ತು. ಅವನ ಸ್ವಂತ ಮಗಳಿಗೆ ಅವತ್ತೇ ಮುನೇಶ್ವರನ ಗುಡಿಯಲ್ಲಿ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಇಲ್ಲದಿದ್ದರೆ ಶಾಸ್ತ್ರವೇ ಇಲ್ಲ. ಆ ಸೋದರಮಾವ, ಅಂದರೆ ಮಾದೇಶನ ಹೆಂಡತಿಯ ಅಣ್ಣ ರಘುನಾಥ್, ಹೊಸೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮಾದೇಶನ ಗೃಹಪ್ರವೇಶದಲ್ಲಿ ಮುನಿಸಿಕೊಂಡು ಹೋದವನು ಮತ್ತೆ ಇವರ ಹೊಸ್ತಿಲು ತುಳಿದಿರಲಿಲ್ಲ. ಕಾರಣ ಸಣ್ಣದೇನಲ್ಲ. ಆಗಿನ ಬ್ಯಾನರಿನಲ್ಲಿ ಅವನ ಮುಖ ಕೆಳಗಿನ ಮೂಲೆಗೆ ಬಿದ್ದಿತ್ತು, ಕಂಬಕ್ಕೆ ಕಟ್ಟುವ ಹಗ್ಗ ಸರಿಯಾಗಿ ಅವನ ಬಾಯಿಯ ಮೇಲೆ ಹಾದುಹೋಗಿತ್ತು. ದಿನವಿಡೀ ಊರೆಲ್ಲ ನೋಡಿತು, ಬಾಯಿಗೆ ಕುಕ್ಕೆ ಹಾಕಿದ ಎತ್ತಿನಂತೆ ನಿಂತ ರಘುನಾಥನನ್ನು. ಅವನು ಎಲೆ ಮುಂದೆ ಕೂರದೆ ಎದ್ದುಹೋದ. ಈಗ ತಂಗಿಯ ಕಣ್ಣೀರಿಗೆ ಕರಗಿ ಬರಲು ಒಪ್ಪಿದ್ದ. ಈ ಸಲವೂ ಬ್ಯಾನರ್ ಕೈಕೊಟ್ಟರೆ ನೆಂಟಸ್ತಿಕೆ ಅಲ್ಲಿಗೆ ಮುಗಿದಂತೆ.

ಮಾದೇಶ ಹೆಂಡತಿಗೆ ಫೋನ್ ಮಾಡಿದ. "ನಾಗವೇಣಿ, ನಿನ್ ಕಾರ್ಡಿಂದ ಹೋಗ್ತಿದ್ದ ಆ ಸಾಫ್ಟ್‌ವೇರ್ ಕಾಸು ಈ ತಿಂಗ್ಳು ಹೋಗಿಲ್ವಲ್ಲ?"

"ಯಾವ್ ಸಾಪ್ಟ್‌ವೇರೋ ಏನೋ! ಯಾವನೋ ಕಳ್ಳ ತಿಂಗ್ಳು ತಿಂಗ್ಳು ನನ್ ಅಕೌಂಟಿಂದ ಕಾಸು ಎಳ್ಕಂತಿದ್ದ. ಮೆಸೇಜು ನೋಡ್ದೆ, ನೆಟ್ಟಗೆ ಬ್ಯಾಂಕಿಗೋಗಿ ಕಾರ್ಡು ಲಾಕ್ ಮಾಡಿಸ್ಬುಟ್ಟೆ. ಹೊಸದು ಬರಕ್ಕೆ ವಾರ ಆಯ್ತದಂತೆ. ಸದ್ಯ, ದೇವ್ರು ದೊಡ್ಡೋನು!" ಎಂದಳು ಅವಳು, ಗಂಡನನ್ನು ಉಳಿಸಿದ ಹೆಮ್ಮೆಯಲ್ಲಿ.

ಅವಳನ್ನು ಬೈಯಲು ಮಾದೇಶನಿಗೆ ಬಾಯಿ ಬರಲಿಲ್ಲ. ಕಳ್ಳನಿಂದ ಮನೆ ಕಾಯುವ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ?

ಅಷ್ಟರಲ್ಲಿ ಎದುರಿನ ಟೀ ಅಂಗಡಿಯ ಪಾಪಣ್ಣ ಲೋಟದ ಸಮೇತ ಒಳಗೆ ಬಂದಿದ್ದ. ಹೂ ಮಾರುವ ಅಕ್ಕಯಮ್ಮ ಬುಟ್ಟಿಯ ಸಮೇತ ಬಾಗಿಲಲ್ಲಿ ನಿಂತಿದ್ದಳು.

"ನೀನು ಮಾಡಿದ ಬ್ಯಾನರು, ನಿನ್ನ ಕಂಪ್ಯೂಟರು. ತೆಗ್ಯಕ್ಕೆ ಮಾತ್ರ ಇನ್ನೊಬ್ರ ಅಪ್ಪಣೆ ಬೇಕಾ?" ಎಂದ ಪಾಪಣ್ಣ. "ನಮ್ಮಪ್ಪ ಕೊಂಡಿದ್ದ ಬಾಯ್ಲರು ಇವತ್ತೂ ಕುದೀತದೆ ಕಣ್ಲಾ. ಯಾವ ನನ್ಮಗನೂ ಬಂದು ಮುಚ್ಚಳ ಹಿಡ್ಕಂಡಿಲ್ಲ."

"ಅದು ಬಾಡಿಗೆದು ಪಾಪಣ್ಣ."

ಅಕ್ಕಯಮ್ಮ ಕೆನ್ನೆಗೆ ಕೈ ಹಚ್ಚಿದಳು. "ಅಲ್ಲ ಮಗಾ, ಬಾಡಿಗೆ ಎಮ್ಮೆ ಅಂದ್ರೆ ಎಮ್ಮೆ ಹಿಡ್ಕಂಡು ಹೋಗ್ಲಿ. ಕಾಯ್ಸಿಟ್ಟಿರೋ ಹಾಲೂ ಹಿಡ್ಕಂಡು ಹೋಗ್ತಾರಾ?"

ನಿಜ ಹೇಳಬೇಕೆಂದರೆ ಆ ಬಾಡಿಗೆ ಎಮ್ಮೆಯ ಮೇಲೆ ಮಾದೇಶನಿಗೆ ಕೋಪವಿರಲಿಲ್ಲ. ಕೈಯಲ್ಲಿ ಏನೂ ಇಲ್ಲದ ಕಾಲದಲ್ಲಿ ಇಷ್ಟಿಷ್ಟೇ ಕಟ್ಟಿಸಿಕೊಂಡು ಅವನ ಒಲೆ ಉರಿಸಿದ್ದು ಅದೇ. ಆದರೆ ಇವತ್ತು ಹಾಲು ಬೇಕಿತ್ತು.

"ಹೊಸೂರತ್ರ ಅವಲಪಲ್ಲಿ ಜಗನ್ ಹತ್ರ ಹೋಗು. ಪೂರ್ತಾ ಕೊಂಡ್ಕಳೋ ಸಾಪ್ಟ್‌ವೇರೇ ಮಾರ್ತಾನಂತೆ. ಪಕ್ದಾಗೇ ಬ್ಯಾನರ್ ಪ್ರಿಂಟ್ ಹೊಡ್ಯೋ ಮಿಸನ್ನೂ ಐತೆ," ಎಂದು ಪಾಪಣ್ಣ ತೀರ್ಪು ಕೊಟ್ಟ.

ಫೋನಿನಲ್ಲಿ ಜಗನ್, "ಕಂಪ್ಯೂಟರ್ ಪೆಟ್ಟಿಗೆ ಎತ್ತಿಕೊಂಡು ಬಾ ಅಣ್ಣಾ, ಹಾಕ್ಕೊಡ್ತೀನಿ," ಎಂದ. ಹೊಸ ಪ್ರಿಂಟರಿಗೆಂದು ಕೂಡಿಟ್ಟ ಹಣ ಜೇಬಿಗೆ ಸೇರಿತು. ಪೆಟ್ಟಿಗೆಗೆ ದೂಳು ತಾಗದಿರಲೆಂದು ಅಕ್ಕಯಮ್ಮ ತನ್ನ ಹಳೇ ಸೀರೆಯ ತುಂಡು ಸುತ್ತಿಕೊಟ್ಟಳು. ಮಾದೇಶ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊಸೂರು ಬಸ್ಸಿನಲ್ಲಿ ಕೂತ. ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಅವುಚಿಕೊಂಡ.

ಪಕ್ಕದ ಸೀಟಿನ ಹೆಂಗಸು ತಡೆಯಲಾರದೆ, "ಮುಖದ ಮ್ಯಾಲಿನ ಬಟ್ಟೆ ವಸಿ ತೆಗ್ಯಣ್ಣ, ಮಗೀಗೆ ಸೆಕೆ ಆಯ್ತದೆ," ಎಂದಳು.

"ಮಗು ಅಲ್ಲಮ್ಮ, ಕಂಪ್ಯೂಟರು."

ಅವಳು ಎದ್ದು ಬೇರೆ ಸೀಟಿಗೆ ಹೋದಳು. ಮಾತು ಕೇಳಿದ ಕಂಡಕ್ಟರ್ ಹಿಂದಿನಿಂದ ಓಡಿಬಂದು ಲಗೇಜ್ ಟಿಕೆಟ್ ಹರಿದ.

ಅವಲಪಲ್ಲಿಯ ಅಂಗಡಿಯಲ್ಲಿ ಜಗನ್ ತನ್ನ ಸರಕನ್ನು ಕಂಪ್ಯೂಟರಿಗೆ ಇಳಿಸಿ ಕೈ ಝಾಡಿಸಿದ. "ಒರು ತಡವೆ, ಒಂದೇ ಒಂದ್ಸಲ ಕಾಸು ಕಟ್ಟಿದ್ಯಾ, ಸಾಯೋವರ್ಗೂ ನಿಂದೇ ಅಣ್ಣಾ. ವಾಪಸ್ ತಂದ್ರೂ ನಾನು ತಗೊಳ್ಳಲ್ಲ, ಅಷ್ಟು ನಿಂದು!"

ಮಾದೇಶನ ಕಣ್ಣು ತೇವವಾಯಿತು. ಹಳೇ ಬ್ಯಾನರನ್ನು ಹೊಸ ಸಾಫ್ಟ್‌ವೇರಿನಲ್ಲಿ ತೆರೆದಾಗ ಪೂರ್ತಿ ಒದ್ದೆಯಾಯಿತು. ಅಕ್ಷರಗಳು ಇರುವೆ ಗೂಡು ಕೆದಕಿದಂತೆ ಚೆದುರಿದ್ದವು. ಭಾವನ ಮೀಸೆ ಅತ್ತೆಯ ಮುಖಕ್ಕೆ ಹತ್ತಿತ್ತು.

"ಅದ್ರ ಫೈಲು ಇದಕ್ಕೆ ಒಗ್ಗಲ್ಲ ಅಣ್ಣಾ. ಹೊಸ್ದಾಗಿ ಮಾಡ್ಕೊ," ಎಂದು ಜಗನ್ ಟೀ ಕುಡಿಯಲು ಹೋದ.

ಮಧ್ಯಾಹ್ನದ ರಾಹುಕಾಲ ಹತ್ತಿರವಾಗುತ್ತಿತ್ತು, ಶಾಸ್ತ್ರ ಅದಕ್ಕೆ ಮೊದಲೇ ಮುಗಿಯಬೇಕು. ಹೊಸ ಸಾಫ್ಟ್‌ವೇರಿನಲ್ಲಿ ಯಾವ ಗುಂಡಿ ಎಲ್ಲಿದೆಯೋ ಮಾದೇಶನಿಗೆ ಗೊತ್ತಿಲ್ಲ, ನೆಂಟರ ಮನೆಯ ಅಡುಗೆಮನೆಯಲ್ಲಿ ಉಪ್ಪು ಹುಡುಕಿದಂತೆ ತಡಕಾಡಿದ. ಮುನೇಶ್ವರಾ ಮುನೇಶ್ವರಾ ಎನ್ನುತ್ತ ಫೋನಿನಿಂದ ಫೋಟೋಗಳನ್ನು ಮತ್ತೆ ಹಾಕಿದ. ಭಾವನ ಮುಖ ಕೊಂಚ ದೊಡ್ಡದಿರಲಿ ಎಂದು ಮೂಲೆ ಹಿಡಿದು ಎಳೆದ. ಅದು ಉಬ್ಬಿತು. ಉಬ್ಬುತ್ತಲೇ ಹೋಯಿತು. ನಿಲ್ಲಿಸುವ ಗುಂಡಿ ಸಿಗುವ ಮೊದಲೇ ಪಕ್ಕದ ಅಂಗಡಿಯವನು, "ಪ್ರಿಂಟ್ ಹೊಡೀಲಾ, ಇಲ್ಲಾ ಕರೆಂಟ್ ಹೋಗೋವರ್ಗೂ ಕಾಯ್ಲಾ?" ಎಂದು ಕೂಗಿದ. ಮಾದೇಶ ಕಣ್ಣು ಮುಚ್ಚಿ, ಹೊಡಿ ಎಂದ.

ಸುತ್ತಿದ ಬ್ಯಾನರು ಹೆಗಲ ಮೇಲೆ, ಕಂಪ್ಯೂಟರು ಕಂಕುಳಲ್ಲಿ. ಹೀಗೆ ಅವನು ಊರಾಚೆಯ ಮುನೇಶ್ವರನ ಗುಡಿಗೆ ಬಂದಾಗ ನೆಂಟರೆಲ್ಲ ಹುಣಸೇಮರದ ನೆರಳಲ್ಲಿ ಸೇರಿದ್ದರು. ರಘುನಾಥ್ ಬಿಳಿ ಪಂಚೆ ಉಟ್ಟು, ಮುಖ ಬಿಗಿದುಕೊಂಡು, ಕಟ್ಟೆಯ ತುದಿಯಲ್ಲಿ ಕೂತಿದ್ದ. ಪಾಪಣ್ಣ ಬ್ಯಾನರು ಕಸಿದುಕೊಂಡು ಕಂಬಗಳ ನಡುವೆ ಬಿಚ್ಚಿದ.

ನೆಂಟರೆಲ್ಲ ಕತ್ತೆತ್ತಿ ನೋಡಿದರು.

ಬ್ಯಾನರಿನಲ್ಲಿ ಇದ್ದದ್ದು ರಘುನಾಥನ ಮುಖ. ಮುಖ ಅಂದರೆ ಬರೀ ಮುಖವೇ. ಹುಣ್ಣಿಮೆ ಚಂದ್ರ ಎದ್ದಂತೆ ಈ ಕಂಬದಿಂದ ಆ ಕಂಬದವರೆಗೆ ಅದೇ. ಮೀಸೆಯ ಒಂದೊಂದು ಕೂದಲನ್ನೂ ದಾರಿಯಲ್ಲಿ ಹೋಗುವವರು ಎಣಿಸಬಹುದಿತ್ತು. ಕಿವಿ ಚುಚ್ಚಿಸಿಕೊಳ್ಳಬೇಕಾದ ಮಗು ಅವನ ಕಿವಿಯ ಹತ್ತಿರ ಒಂದು ಓಲೆಯಷ್ಟಿತ್ತು. ತಂದೆ ತಾಯಿ ಮೂಗಿನ ನೆರಳಲ್ಲಿ ಎಲ್ಲೋ ಇದ್ದರು.

"ಅಯ್ಯೋ ಸಿವನೇ," ಎಂದಳು ಅಕ್ಕಯಮ್ಮ.

ರಘುನಾಥ್ ಎದ್ದ. ಬ್ಯಾನರಿನ ಮುಂದೆ ಬಂದು ನಿಂತ. ಹಗ್ಗ ಎಲ್ಲಿ ಹಾದಿದೆ ಎಂದು ನಾಲ್ಕೂ ಮೂಲೆ ನೋಡಿದ. ಬಾಯಿಯ ಮೇಲೆ ಹಗ್ಗವಿರಲಿಲ್ಲ. ಮೀಸೆಯ ಕೆಳಗೆ ಮೆಲ್ಲಗೆ ನಗು ಮೂಡಿತು.

"ಮಾದೇಸ, ಇದೀಗ ಮರ್ವಾದೆ ಅಂದ್ರೆ! ಎಲ್ಲವ್ವ ನನ್ನ ಸೊಸೆ? ಕೊಡಿಲ್ಲಿ!"

ಮಗು ಮಾವನ ತೊಡೆ ಏರಿತು. ಅಕ್ಕಸಾಲಿ ಎರಡೂ ಕಿವಿ ಚುಚ್ಚಿದ. ಮಗು ಚೀರಿದಾಗ ರಘುನಾಥ್ ಹೊಸ ಪಂಚೆಯ ಅಂಚಿನಿಂದಲೇ ಅದರ ಕಣ್ಣೊರೆಸಿ ತಾನೂ ಕಣ್ಣೊರೆಸಿಕೊಂಡ. ನಾಗವೇಣಿ ಅಣ್ಣನ ಪಕ್ಕ ನಿಂತು ನಗುತ್ತ ಅಳುತ್ತಿದ್ದಳು. ಮಾದೇಶ ಮುನೇಶ್ವರನ ಕಡೆ ತಿರುಗಿ ಕೈಮುಗಿದ. ಕಾರ್ಡು ಲಾಕ್ ಮಾಡಿಸಿದ ಹೆಂಡತಿ, ಟೀ ಲೋಟದ ಪಾಪಣ್ಣ, ಸೀರೆ ತುಂಡಿನ ಅಕ್ಕಯಮ್ಮ, ನಿಲ್ಲದೆ ಉಬ್ಬಿದ ಆ ಹೊಸ ಸಾಫ್ಟ್‌ವೇರು, ಎಲ್ಲವೂ ಅವನ ಪಾಲಿಗೆ ಆ ಹೊತ್ತು ದೇವರ ಕೈಗಳೇ ಆಗಿ ಕಂಡವು.

ಊಟದ ಎಲೆಯ ಮುಂದೆ ರಘುನಾಥ್ ಮಾದೇಶನ ಬೆನ್ನು ತಟ್ಟಿದ. "ಅಂದಂಗೆ ಬೆಳಿಗ್ಗೆ ನೋಡಿದ್ಯಲ್ಲ? ನಿನ್ನ ಆ ಬಾಡಿಗೆ ಸಾಫ್ಟ್‌ವೇರಿಗೆ ನಿನ್ನೆ ರಾತ್ರೀನೇ ವರ್ಷದ ಕಾಸು ನಾನು ಕಟ್ಬುಟ್ಟೆ. ತಂಗಿ ಫೋನಲ್ಲಿ ಕಳ್ಳ ಗಿಳ್ಳ ಅಂತ ಆ ಮೆಸೇಜು ಓದಿದ್ಲು, ಅದು ಸಾಫ್ಟ್‌ವೇರ್ ಕಾಸು ಅಂತ ನಂಗೆ ಗೊತ್ತಾಯ್ತು. ನಿನ್ ಅಂಗಡಿ ಬೋರ್ಡಾಗಿರೋ ಇಮೇಲ್‌ಗೇ ಕಳ್ಸಿದ್ದೆ."

ಮಾದೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಕಂಪ್ಯೂಟರಾಗೆ ಏನಾದ್ರೂ ಬರ್ತಿತ್ತಾ ಬಾವ?"

"ಬರ್ದೇ ಏನು? ಹಳೇ ಚಂದಾ ಮುಗೀತು, ನಿಮ್ಗೆ ಹೊಸ ಚಂದಾ ಉಡುಗೊರೆ ಬಂದೈತೆ, ಇಲ್ಲಿ ಒತ್ತಿ ಅಂತ ಚೌಕದಾಗೇ ಬರ್ತದೆ."

ಮಾದೇಶ ತನ್ನ ತೋರುಬೆರಳನ್ನು ನೋಡಿಕೊಂಡ. ಅದಕ್ಕೆ ಸಾರು ಅಂಟಿತ್ತು.

"ಇನ್ಮ್ಯಾಕೆ ವರ್ಷಾ ವರ್ಷಾ ನಾನೇ ಕಟ್ತೀನಿ, ನೀನು ಚಿಂತೆ ಬಿಡು," ಎಂದ ರಘುನಾಥ್ ಪಾಯಸ ಹೀರುತ್ತ. "ನೀನೂ ವರ್ಷಾ ವರ್ಷಾ ನನ್ನ ಹುಟ್ಟಿದಬ್ಬಕ್ಕೆ ಫ್ಯಾಕ್ಟರಿ ಗೇಟಿಗೆ ಒಂದು ಬ್ಯಾನರು ಹಾಕ್ಬುಡು. ಮುಖ ಇದೇ ಸೈಜು ಇರ್ಲಿ. ಈ ಬ್ಯಾನರ್ ಮಾತ್ರ ಬಿಚ್ಚಿ ಬಿಸಾಕ್ಬ್ಯಾಡ. ನಿಮ್ಮನೆ ಎದುರಿನ ಗೋಡೆಗೆ ಕಟ್ಟು, ಮಗು ದಿನಾ ಮಾವನ್ನ ನೋಡ್ಲಿ."

"ಆಗ್ಲಿ ಬಾವ," ಎಂದ ಮಾದೇಶ. ಅದು ನಿಜವಾದ ಕೃತಜ್ಞತೆಯಿಂದಲೇ ಬಂದ ಮಾತು.

ಮಾರನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಗೋಡೆ ತುಂಬ ಭಾವನ ಮುಖ. ಮಾದೇಶ ಅಭ್ಯಾಸಬಲದಿಂದ ಬೆರಳೆತ್ತಿದ. ನಾಲ್ಕೂ ಮೂಲೆ ಹುಡುಕಿದ. ಎಲ್ಲಿಯೂ ಇಂಟು ಗುರುತು ಇರಲಿಲ್ಲ. ಎತ್ತಿದ ಕೈಯನ್ನು ಹಾಗೇ ಜೋಡಿಸಿ, ಭಾವನಿಗೆ ಒಂದು ನಮಸ್ಕಾರ ಹಾಕಿ, ಅಂಗಡಿಗೆ ಹೊರಟ.