ಮಂಗಳವಾರದ ಹವಳ

ಈ ಜಗತ್ತಿನಲ್ಲಿ ಕಾರಣವಿಲ್ಲದೆ ಯಾವ ಕಾರ್ಯವೂ ಸಂಭವಿಸುವುದಿಲ್ಲ. ಅಮ್ಮನ ತಮ್ಮ, ಅಂದರೆ ನಮ್ಮ ಸೋದರಮಾವ, ಕೋಗಿಲು ಬಡಾವಣೆಯಿಂದ ನಮ್ಮ ಮನೆಗೆ ಬರುವುದೊಂದು ಇದಕ್ಕೆ ಹೊರತು. ಅವರು ಬಂದ ಮೇಲೆ ಕಾರಣ ಹುಡುಕುತ್ತಾರೆ.

ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಈಗಲೂ ಕಂಡದ್ದನ್ನೆಲ್ಲ ಲ್ಯಾಬಿನ ಮೇಜಿನ ಮೇಲಿಟ್ಟೇ ನೋಡುತ್ತಾರೆ. ಒಮ್ಮೆ ನಮ್ಮ ಫ್ರಿಜ್ಜು ಗಡಗಡ ಎನ್ನತೊಡಗಿತು. ಮಾವ ಮೆಕ್ಯಾನಿಕ್ಕನ್ನು ಕರೆಯಲು ಬಿಡದೆ, ಊಟ ಮುಗಿಸಿ, ಅದರೆದುರು ಕುರ್ಚಿ ಹಾಕಿಕೊಂಡು ಕೂತರು. ಸಂಜೆ ಕಾಫಿಯ ಹೊತ್ತಿಗೆ ತೀರ್ಪು ಬಂತು: ಫ್ರಿಜ್ಜು ನಿರಪರಾಧಿ, ಅದರ ಮೇಲಿಟ್ಟ ಚಕ್ಕುಲಿ ಡಬ್ಬಿಯ ಮುಚ್ಚಳ ಸಡಿಲ. ಅಷ್ಟರಲ್ಲಿ ಸಾಕ್ಷ್ಯವನ್ನು ಎಷ್ಟು ಕೂಲಂಕಷವಾಗಿ ಪರಿಶೀಲಿಸಿದ್ದರೆಂದರೆ, ಡಬ್ಬಿ ಅರ್ಧ ಖಾಲಿಯಾಗಿತ್ತು.

ಇಂಥವರ ಕೈಗೆ ನಮ್ಮ ಹವಳ ಸಿಕ್ಕಿತು.

ಕೆಂಪಾಪುರದ ನಮ್ಮ ಮನೆಯ ಹಾಲಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಒಂದಿದೆ. ಅದರಲ್ಲಿ ಮೀನಿನ ಜೊತೆ ಹವಳವನ್ನೂ ಸಾಕಿದ್ದೇನೆ. ಹವಳ ಎಂದರೆ ಉಂಗುರದ ಕಲ್ಲಲ್ಲ, ಜೀವವಿರುವುದು. ಬಂಡೆಗೆ ಅಂಟಿಕೊಂಡು ಹಸಿರು ಬೆರಳುಗಳನ್ನು ನೀರಿನಲ್ಲಿ ಆಡಿಸುತ್ತಿರುತ್ತದೆ. ಮೊದಲ ದಿನ ಅಮ್ಮ "ಏನೋ ಇದು?" ಎಂದು ಕೇಳಿದಾಗ, ಎಲ್ಲರಂತೆ ಕೋರಲ್ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕನ್ನಡಾಭಿಮಾನಿಯಾದ ನಾನು "ಹವಳ" ಎಂದೆ. ಅಮ್ಮ ಕೈಮುಗಿದರು.

ಕೆಲವು ತಿಂಗಳು ಸೊಗಸಾಗಿದ್ದ ಹವಳ ಆಮೇಲೆ ಮುದುಡತೊಡಗಿತು. ಬೆರಳುಗಳು ಒಳಸೇರಿದವು, ಅಂಚು ಕರಗಿ ಬಿಳಿ ಎಲುಬು ಕಂಡಿತು. ಉಪ್ಪು ಅಳೆದೆ, ನೀರಿನ ಬಿಸಿ ನೋಡಿದೆ, ಎಲ್ಲ ಸರಿಯಿತ್ತು. ನನಗಿಂತ ಅಮ್ಮನಿಗೆ ಸಂಕಟ. "ಮೊಮ್ಮಗಳ ಜಾತಕ ಹೊರಗೆ ಕೊಟ್ಟಿರೋ ಹೊತ್ತಲ್ಲೇ ಹೀಗಾಗ್ಬೇಕಾ?" ಎಂದು ಊಟ ಬಿಟ್ಟು ಕೂತರು. ಹವಳಕ್ಕೂ ಜಾತಕಕ್ಕೂ ಏನು ನಂಟು ಎಂದು ನಾನು ಕೇಳಲಿಲ್ಲ.

ಮಾವ ಬಂದರು. ಟ್ಯಾಂಕಿನ ಎದುರು ಕುರ್ಚಿ ಬಿತ್ತು.

"ಮೀನು ಹೇಗಿದ್ಯೋ?"

"ಚೆನ್ನಾಗಿದೆ ಮಾವ."

"ಬಸವನಹುಳು ಇತ್ತಲ್ಲ, ಎಲ್ಲಿ?"

"ಹೋಗ್ಬಿಡ್ತು."

"ಎಲ್ಲಿಗೆ, ಮೆಜೆಸ್ಟಿಕ್ಕಿಗಾ? ಸತ್ತೋಯ್ತು ಅನ್ನು. ಮೀನು ಗುಂಡುಕಲ್ಲಿನ ಹಾಗಿದೆ, ಬಸವನಹುಳು ಸತ್ತಿದೆ, ಹವಳ ಮುದುಡಿದೆ. ಏನರ್ಥ?"

"ಗೊತ್ತಿಲ್ಲ."

"ಪಿಯುಸಿ ಪ್ರಾಕ್ಟಿಕಲ್ಲಲ್ಲೂ ಇದನ್ನೇ ಹೇಳಿದ್ದೆ ನೀನು. ತಾಮ್ರ ಕಣೋ. ಮೀನು ತಡ್ಕೊಳ್ಳುತ್ತೆ, ಇವು ತಡ್ಕೊಳ್ಳಲ್ಲ."

ತಾಮ್ರ ಎಲ್ಲಿಂದ ಬರಬೇಕು? ಪೈಪು, ಪಂಪು, ಪ್ಲಗ್ಗುಗಳ ವಿಚಾರಣೆ ನಡೆಯಿತು. ನನ್ನ ಹೆಂಡತಿಯ ಬಳೆಗಳ ಮೇಲೂ ಮಾವನ ದೃಷ್ಟಿ ಹರಿಯಿತು. ಆರ್.ಟಿ. ನಗರದ ಸಾಕುಮೀನಿನ ಅಂಗಡಿಯಿಂದ ತಾಮ್ರ ಪರೀಕ್ಷಿಸುವ ಔಷಧಿ ತಂದು ಟ್ಯಾಂಕಿನ ನೀರಿಗೆ ತೊಟ್ಟಿಕ್ಕಿಸಿದರು. ನೀರಿಗೆ ಬಣ್ಣ ಬಂತು. ಮಾವನ ಮುಖಕ್ಕೂ ಬಂತು.

"ಕಳ್ಳ ಸಿಗೋವರೆಗೂ ಇಲ್ಲೇ ಇರ್ತೀನಿ," ಎಂದರು. ನನ್ನ ಹೆಂಡತಿ ಇನ್ನೊಂದು ಪಾವು ಅಕ್ಕಿ ನೆನೆಹಾಕಿದಳು.

ಮಂಗಳವಾರ ನಾನು ಮಾವನ ಆಜ್ಞೆಯಂತೆ ಆಫೀಸಿಗೆ ರಜೆ ಹಾಕಿ ಕೂತಿದ್ದೆ. ಸ್ನಾನ ಮುಗಿಸಿದ ಅಮ್ಮ ತಾಮ್ರದ ಚೊಂಬು ಹಿಡಿದು ಬಂದರು. ಹಿಂದಿನ ದಿನವೇ ತುಂಬಿ, ತುಳಸಿ ಹಾಕಿಟ್ಟ ನೀರು. ಟ್ಯಾಂಕಿನ ಮುಚ್ಚಳ ಸರಿಸಿ, ಕಣ್ಣುಮುಚ್ಚಿ, ಧಾರೆಯಾಗಿ ಸುರಿದರು. ನಾನು ಆಫೀಸಿಗೆ ಹೊರಟ ಮೇಲೆ ವಾರವಾರವೂ ನಡೆಯುತ್ತಿದ್ದ ಪೂಜೆ ಅದು. ಮೊಮ್ಮಗಳ, ಅಂದರೆ ನನ್ನ ಮಗಳ, ಜಾತಕದಲ್ಲಿ ಕುಜದೋಷ. ಕುಜನ ವಾರ ಮಂಗಳವಾರ, ಕುಜನ ರತ್ನ ಹವಳ, ಕುಜನ ಲೋಹ ತಾಮ್ರ. ಶಾಸ್ತ್ರವೇನೋ ಅಚ್ಚುಕಟ್ಟಾಗಿತ್ತು. ಹವಳಕ್ಕೆ ಅದನ್ನು ಯಾರೂ ತಿಳಿಸಿರಲಿಲ್ಲ.

ನಾನು ಬಾಯಿ ತೆರೆದೆ. ಮಾವ ನನ್ನ ಕಾಲು ತುಳಿದರು.

"ಏನಾದ್ರೂ ಗೊತ್ತಾಯ್ತೇನೋ?" ಅಮ್ಮ ತಮ್ಮನನ್ನು ಕೇಳಿದರು. "ನನ್ ಕೈಯಿಂದ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

ಸ್ವಂತ ಮಗನನ್ನೇ ಪ್ರಾಕ್ಟಿಕಲ್ಲಿನಲ್ಲಿ ಫೇಲು ಮಾಡಿದ ಮಹಾನುಭಾವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿನ್ನಿಂದ ಏನಾಗುತ್ತೆ ಅಕ್ಕ? ಇವ್ನು ಲೈಟ್ ಜಾಸ್ತಿ ಇಟ್ಟಿದ್ದ. ಬೆಂದೋಗಿದೆ, ಪಾಪ."

"ನಾನು ಆವತ್ತೇ ಅಂದ್ಕೊಂಡೆ," ಎಂದು ಅಮ್ಮ ನನ್ನತ್ತ ನೋಡಿದರು.

"ಆ ಚೊಂಬು ನನಗೆ ಕೊಡಕ್ಕ. ಮಂಡಿನೋವಿಗೆ ತಾಮ್ರದ ನೀರು ಕುಡೀಬೇಕು ಅಂತಿದೀನಿ." ತಾಮ್ರದ ನೀರು ಕುಡಿಯುವವರನ್ನು ಜೀವನವಿಡೀ ಗೇಲಿ ಮಾಡಿಕೊಂಡು ಬಂದವರ ಮಾತಿದು! "ನೀನು ಫಿಲ್ಟರ್ ನೀರನ್ನ ಈ ಗಾಜಿನ ಜಗ್ಗಲ್ಲಿ ಹಾಕು."

"ಕುಜ ಒಪ್ತಾನೇನೋ?"

"ಗಾಜಾದ್ರೆ ಒಳಗಿರೋದು ಕಾಣುತ್ತೆ ಅಕ್ಕ. ಪಾಪ, ಅಷ್ಟು ದೂರದಿಂದ ನೋಡ್ಬೇಕಲ್ಲ ಅವ್ನು."

ಅಮ್ಮ ಒಪ್ಪಿದರು. ಅಂದು ಊಟವನ್ನೂ ಮಾಡಿದರು. ನಾನೂ ಮಾವನೂ ಟ್ಯಾಂಕಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿ, ವಿಷ ಹೀರಲು ಇದ್ದಿಲಿನ ಚೀಲ ಇಳಿಬಿಟ್ಟೆವು.

ಈಗ ನೆಂಟರು ಬಂದಾಗಲೆಲ್ಲ ಅಮ್ಮ ನನ್ನ ಲೈಟಿನ ಅಪರಾಧವನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ನಾನು ತಲೆತಗ್ಗಿಸಿ ಕೇಳುತ್ತೇನೆ. ನನ್ನ ತಲೆಗೆ ಕಟ್ಟಿದ ಅಪವಾದಗಳ ಪೈಕಿ, ಕಟ್ಟಿದವರಿಗೆ ನಾನು ಋಣಿಯಾಗಿರುವುದು ಇದೊಂದಕ್ಕೆ.

ಮಗಳ ಮದುವೆ ಇನ್ನೂ ಗೊತ್ತಾಗಿಲ್ಲ. ಮಾವನ ಮಂಡಿನೋವು ಹಾಗೇ ಇದೆ. ಹವಳ ಬೆರಳು ಬಿಚ್ಚಿದೆ.