ಕಂಬಣ್ಣನ ಮನೆಯ ಕುರ್ಚಿ

ಅಕ್ಕನ ಭಾಷಣಕ್ಕೆ ಒಂದು ಸಂಕೇತ ಬೇಕಾಗಿತ್ತು. ಕಂಬಣ್ಣನ ಗ್ರಹಚಾರಕ್ಕೆ ಅವನ ಮನೆಯಲ್ಲಿ ಒಂದು ಕುರ್ಚಿ ಇತ್ತು.

ಬಟ್ಟೆ ಅಂಗಡಿಯ ಟವೆಲ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ನಿಂತೇ ದುಡಿದದ್ದರಿಂದ ಅವನಿಗೆ ಆ ಹೆಸರು. ಗಿರಾಕಿ ಇರಲಿ ಬಿಡಲಿ, ನೌಕರರು ಕೂರುವಂತಿಲ್ಲ ಎಂಬುದು ಯಜಮಾನರ ಕಟ್ಟಪ್ಪಣೆ. ಸಂಜೆಯ ಹೊತ್ತಿಗೆ ಕಂಬಣ್ಣನ ಕಾಲು ದಿಂಬಿನ ಹಾಗೆ ಊದುತ್ತಿತ್ತು. ಕೂರುವ ಹಕ್ಕು ಕೇಳಲು ಬೆಳಿಗ್ಗೆ ಗೋದಾಮಿನಲ್ಲಿ ಸಭೆ, ಯಜಮಾನರೂ ಬರುತ್ತಾರೆ ಎಂದಾಗ ಅವನಷ್ಟು ಹಿಗ್ಗಿದವರಿಲ್ಲ.

ಸಂಕೇತ ಯಾವುದೆಂದು ಹಿಂದಿನ ದಿನವೇ ಜಗ್ಗಾಟವಾಗಿತ್ತು. ಪರದೆ ಕೌಂಟರಿನವನು ಮುರಿದ ಸರಪಳಿ ಎಂದ. ಹೊದಿಕೆ ಕೌಂಟರಿನವನು ಪಾರಿವಾಳ ಹಾರಿಸೋಣ ಎಂದ.

"ಪಾರಿವಾಳ ಹಾರಿದ್ರೆ ಎಲ್ರೂ ಮೇಲೆ ನೋಡ್ತಾರೆ," ಎಂದಳು ಭಾಷಣ ಮಾಡಬೇಕಿದ್ದ ಗುಂಡಿ-ದಾರದ ಕೌಂಟರಿನವಳು, ಅಂಗಡಿಗೆಲ್ಲ ಅಕ್ಕ. "ಯಜಮಾನ್ರು ನಮ್ಮ ಕಾಲು ನೋಡ್ಬೇಕು. ಒಂದು ಹಳೇ ಕುರ್ಚಿ ಸಾಕು."

ನಾನು ತರ್ತೀನಿ ಎಂದು ಕಂಬಣ್ಣ ತಡೆಯಲಾರದೆ ಕೈ ಎತ್ತಿಬಿಟ್ಟ. ಮನೆಯಲ್ಲಿದ್ದದ್ದು ಅದೊಂದೇ ಕುರ್ಚಿ. "ನಮ್ಮಪ್ಪಂದು ಅದು. ಸಂಜೆ ವಾಪಸ್ ಬರ್ಲೇಬೇಕು," ಎಂದಳು ರಾತ್ರಿ ಹೆಂಡತಿ.

ಬೆಳಿಗ್ಗೆ ತಲೆಯ ಮೇಲೆ ಕುರ್ಚಿ ಹೊತ್ತು ಹೊರಟರೆ ದಾರಿಯುದ್ದಕ್ಕೂ ವಿಚಾರಣೆ. "ಮನೆ ಖಾಲಿ ಮಾಡ್ತಿದ್ದೀರಾ?" "ಎಷ್ಟಕ್ಕೆ ಕೊಡ್ತೀರಾ?" ಬಸ್ಸಿನ ಕಂಡಕ್ಟರ್ ಕುರ್ಚಿಗೂ ಟಿಕೆಟ್ ಹರಿದ. ಹಾಗಾದರೆ ಸೀಟು ಕೊಡಿ ಎಂದು ಕಂಬಣ್ಣ ಜೋರು ಮಾಡಿದ್ದಕ್ಕೆ, ಇದ್ದ ಒಂದು ಸೀಟಿನಲ್ಲಿ ಕುರ್ಚಿಯನ್ನು ಕೂರಿಸಿ ಅವನನ್ನು ನಿಲ್ಲಿಸಿದ. ಗೋದಾಮು ಮುಟ್ಟಿ ಉಸ್ಸೆಂದು ಅದರ ಮೇಲೆ ಕುಕ್ಕರಿಸಿದರೆ ಪರದೆಯವನು ಓಡಿಬಂದ. "ಏಳಣ್ಣ, ಸಂಕೇತದ ಮೇಲೆ ಕೂತಿದ್ದೀಯಲ್ಲ."

ಯಜಮಾನರು ಬಂದು ಕೂತರು. ಅಕ್ಕ ದನಿ ಏರಿಸಲಿಲ್ಲ. ಖಾಲಿ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಮಾತಾಡಿದಳು.

"ನಂಗಿಂತ ಮುಂಚೆ ಈ ಕೌಂಟರಲ್ಲಿ ನಮ್ಮಮ್ಮ ನಿಂತಿದ್ಲು. ನಾನು ಹೊಟ್ಟೇಲಿದ್ದಾಗ್ಲೂ ನಿಂತಿದ್ಲು. ಅಂದ್ರೆ ಹುಟ್ಟೋಕೆ ಮುಂಚೇನೇ ನಾನಿಲ್ಲಿ ನಿಂತಿದ್ದೀನಿ. ಇದು ಅವಳಿಗೆ ಯಾರೂ ಕೊಡದೇ ಇದ್ದ ಕುರ್ಚಿ."

ಎಂಥ ಮಾತು ಅದು! ತನ್ನ ಮಾವನ ಕುರ್ಚಿ ಎಂಬುದನ್ನೇ ಮರೆತು ಕಂಬಣ್ಣ ಬಿಕ್ಕಿದ. ಬಟ್ಟೆ ಮೂಟೆಗಳ ಮೇಲಿದ್ದ ನೌಕರರು ಒಬ್ಬೊಬ್ಬರಾಗಿ ಎದ್ದು ನಿಂತರು. ಕೊನೆಗೆ ಕೂತೇ ಉಳಿದವರು ಯಜಮಾನರೊಬ್ಬರೇ. ಅವರಿಗೂ ಕೂರಲಾಗಲಿಲ್ಲ. ಎದ್ದು ಕನ್ನಡಕ ಒರೆಸಿಕೊಂಡು, "ಮಧ್ಯಾಹ್ನದೊಳಗೆ ಪ್ರತಿ ಕೌಂಟರಲ್ಲೂ ಒಂದು ಕುರ್ಚಿ ಇರುತ್ತೆ," ಎಂದರು.

ಸಭೆ ಮುಗಿದ ಮೇಲೆ ಕಂಬಣ್ಣ ಕುರ್ಚಿ ಎತ್ತಲು ಹೋದರೆ ಎಲ್ಲರೂ ಮೈಮೇಲೆ ಬಿದ್ದರು. "ಎಲ್ಲಿಗಣ್ಣ? ಅದೀಗ ಅಕ್ಕನ ಅಮ್ಮನ ಕುರ್ಚಿ." ಬಂದವರಿಗೆಲ್ಲ ಕಾಣಲೆಂದು ಯಜಮಾನರೇ ಅದನ್ನು ಬಾಗಿಲ ಬಳಿಯ ಟವೆಲ್ ಕೌಂಟರಿನಲ್ಲಿ ಇಡಿಸಿ, ಸುತ್ತ ಹಗ್ಗ ಕಟ್ಟಿಸಿದರು.

ಮಧ್ಯಾಹ್ನ ಹತ್ತು ಕೌಂಟರಿಗೆ ಒಂಬತ್ತು ಕುರ್ಚಿ ಬಂದವು.

"ನಂದು?" ಎಂದ ಕಂಬಣ್ಣ.

"ನಿಮ್ಮಲ್ಲಿ ಆಗ್ಲೇ ಒಂದಿದೆಯಲ್ಲಣ್ಣ," ಎಂದ ಜವಾನ.

ದೂರು ಹೇಳಲು ಅಕ್ಕನ ಬಳಿ ಹೋದ. ಅವಳು ಹೊಸ ಕುರ್ಚಿಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿದ್ದಳು. ಆ ಮುಖ ನೋಡಿ ಸದ್ದಾಗದಂತೆ ಹಿಂದೆ ಸರಿದ. ವಾಪಸ್ಸು ಬಂದು, ಕೇಳಿದ ಗಿರಾಕಿಗಳಿಗೆಲ್ಲ ನಿಂತುಕೊಂಡೇ ಕುರ್ಚಿಯ ಕತೆ ಹೇಳಿದ.

ಸಂಜೆ ಹೆಂಡತಿಯೇ ಬಂದಳು. ಸದ್ಯ, ಜಗಳವಾಡಿ ಬಿಡಿಸಿಕೊಂಡು ಹೋಗುತ್ತಾಳೆ ಎಂದು ಕಂಬಣ್ಣನಿಗೆ ಜೀವ ಬಂದಂತಾಯಿತು. ಆದರೆ ಅವಳು ಇಡೀ ಕತೆ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿಯ ಮೇಲಿನ ಧೂಳನ್ನೂ ಒರೆಸಿದಳು.

"ಇಲ್ಲೇ ಇರ್ಲಿ ಬಿಡಿ," ಎಂದಳು. "ಆದ್ರೆ ಹುಷಾರು. ಕಾಲು ನೋವು ಅಂತ ನೀವು ಇದರ ಮೇಲೆ ಕೂತುಗೀತು ಬಿಟ್ಟೀರಾ."