ಜೋಕಾಲಿಯ ಕೊಂಡಿಗೆ ಎಂಜಿನ್ನು

ವೈಜನಾಥನಿಗೆ ಬೀಡಿ ಇಲ್ಲ, ಸಿಗರೇಟಿಲ್ಲ, ಇಸ್ಪೀಟಂತೂ ಇಲ್ಲವೇ ಇಲ್ಲ. ಇದ್ದದ್ದು ಒಂದೇ ಚಟ: ಎದುರಿನವರು ಮಾತು ಮುಗಿಸುವ ಮೊದಲೇ “ಗೊತ್ತೈತ್ರಿ” ಅನ್ನುವುದು. ಸನತ್‌ನಗರದ ಪೈಪ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಈ ಮಹಾಶಯನಿಗೆ ಗೊತ್ತಿಲ್ಲದ್ದು ಭೂಮಿಯ ಮೇಲೆ ಏನೂ ಇಲ್ಲ, ಕಾರ್ಖಾನೆಯ ಲೆಕ್ಕ ಒಂದನ್ನು ಬಿಟ್ಟು, ಅಂತ ಅವನ ಸಾಹೇಬರೇ ಹೇಳುತ್ತಿದ್ದರು.

ಹೋದ ತಿಂಗಳು ಮಾವ ಹುಸೇನಪ್ಪನವರು ಗುರುಮಠಕಲ್ಲಿನಿಂದ ತಮ್ಮ ಹಳೆಯ ಫೋರ್‌ವೀಲ್ ಜೀಪನ್ನು ತಾವೇ ಓಡಿಸಿಕೊಂಡು ಬಂದು, ಕೂಕಟ್‌ಪಲ್ಲಿಯಲ್ಲಿ ವೈಜನಾಥನ ಬಾಡಿಗೆ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿದ್ದರು. ಅವರಿಗೆ ಕಣ್ಣಿನ ಆಪರೇಷನ್ ಆಗುವುದಿತ್ತು, ಇನ್ನು ಡ್ರೈವಿಂಗ್ ಸಾಕು ಅಂತ ಡಾಕ್ಟರು ಹೇಳಿದ್ದರು. ಜೀಪು ಒಂದೇ, ಅಳಿಯಂದಿರು ಇಬ್ಬರು. ಇನ್ನೊಬ್ಬ ಕೊಂಡಾಪುರದ ಶಿವಪ್ರಕಾಶ, ವೈಜನಾಥನ ಷಡ್ಡಕ. ಈಗಾಗಲೇ ಅವನಲ್ಲಿ ಕಾರಿದೆ, ಲಿಫ್ಟಿರುವ ಫ್ಲ್ಯಾಟಿದೆ, ಇನ್ನು ಜೀಪೂ ಹೋಯಿತೆಂದರೆ ವೈಜನಾಥ ಬೀಗರ ಪಂಕ್ತಿಯಲ್ಲಿ ತಲೆಯೆತ್ತಿ ಉಣ್ಣುವ ಹಾಗಿರಲಿಲ್ಲ.

“ಕಣ್ಣು ನೆಟ್ಟಗಾದ ಮ್ಯಾಲ ಬರ್ತೀನಿ. ಯಾರ ಕೈಯಾಗ ಇದು ಚೊಲೊ ಇರ್ತೈತಿ, ಅವ್ರಿಗೇ ಕೊಟ್ಟು ಹೋಗ್ತೀನಿ,” ಎಂದ ಮಾವ, ಬಸ್ಸು ಹತ್ತುವಾಗ ಮತ್ತೆ ತಿರುಗಿದರು. “ಅಂದಂಗ ಅಳಿಯಂದ್ರ, ಆ ಜೀಪಿನಾಗ ಒಂದು—”

“ಗೊತ್ತೈತ್ರಿ ಮಾವಾ, ಎಲ್ಲಾ ಗೊತ್ತೈತಿ. ನೀವು ನಿಶ್ಚಿಂತಿ ಹೋಗ್ರಿ.”

ಮಾವ ಹೋದರು. ವೈಜನಾಥ ಭಾನುವಾರಕ್ಕೊಮ್ಮೆ ಜೀಪು ತೊಳೆಯುತ್ತಿದ್ದ, ಊದುಬತ್ತಿ ಬೆಳಗುತ್ತಿದ್ದ, ಚಾಲೂ ಮಾಡಿ ಅದರ ಗುಡುಗು ಕೇಳಿ ಖುಷಿಪಟ್ಟು ಬಂದ್ ಮಾಡುತ್ತಿದ್ದ. ರಸ್ತೆಗೆ ಮಾತ್ರ ತೆಗೆಯಲಿಲ್ಲ. ಕೂಕಟ್‌ಪಲ್ಲಿಯ ಟ್ರಾಫಿಕ್ಕಿನಲ್ಲಿ ಒಂದು ಗೆರೆ ಬಿದ್ದರೂ ಷಡ್ಡಕನ ಪಾಲಾದೀತೆಂಬ ಹೆದರಿಕೆ ಅವನಿಗೆ.

ಕೊನೆಗೆ ಆ ಭಾನುವಾರ ಬಂತು. ಸಂಜೆಯ ಬಸ್ಸಿಗೆ ಮಾವ ಬರುವವರು. ಅವರನ್ನು ಜೀಪಿನಲ್ಲೇ ಕರೆತರಬೇಕೆಂದು ವೈಜನಾಥ ಇಸ್ತ್ರಿ ಅಂಗಿ ತೊಟ್ಟು ಬೆಳಿಗ್ಗೆಯೇ ತಾಲೀಮಿಗೆ ಕೂತ. ಚಾಲೂ ಆಯಿತು. ಗೇರು ಹಾಕಿದ, ಕ್ಲಚ್ ಬಿಟ್ಟ. ಎಂಜಿನ್ನು ಗುಡುಗಿತು, ಜೀಪು ಅಲುಗಲಿಲ್ಲ. ಎರಡನೆಯ ಗೇರು, ಮೂರನೆಯದು, ರಿವರ್ಸು, ಯಾವುದಕ್ಕೂ ಜಪ್ಪಯ್ಯ ಅನ್ನಲಿಲ್ಲ.

ಸನತ್‌ನಗರದ ಮೆಕ್ಯಾನಿಕ್‌ಗೆ ಫೋನು ಹೋಯಿತು. “ಕ್ಲಚ್ ಪ್ಲೇಟ್ ಹೋಗಿರಬೇಕು ಸಾರ್. ಅದಕ್ಕೆ ಎಂಜಿನ್ ಇಳಿಸಬೇಕು. ಇವತ್ತು ರಜೆ,” ಎಂದು ತೆಲುಗಿನಲ್ಲಿ ಹೇಳಿದ ಆತ, “ಆದ್ರೆ ಮೊದಲು ಆ ಇನ್ನೊಂದು—” ಅನ್ನುವಷ್ಟರಲ್ಲಿ ವೈಜನಾಥ “ತೆಲುಸು, ತೆಲುಸು, ನಾಕಂತಾ ತೆಲುಸು” ಎಂದು ಫೋನಿಟ್ಟ. ತೆಲುಗಿನಲ್ಲೂ ಅವನಿಗೆ ಎಲ್ಲ ಗೊತ್ತಿತ್ತು.

“ಸುವರ್ಣಾ! ಎಂಜಿನ್ ನಾನ ಇಳಸ್ತೀನಿ!”

ಅಡುಗೆಮನೆಯಲ್ಲಿ ಅಪ್ಪನಿಗೆಂದು ಪಡ್ಡಿನ ಹಿಟ್ಟು ಕಲಸುತ್ತಿದ್ದ ಹೆಂಡತಿ ಹೊರಗೆ ಬಂದಳು. “ಹೋದ ವಾರ ನಳದ ವಾಷರ್ ಹಾಕ್ತೀನಂತ ಹೋಗಿ ನಳಾನ ಕಿತ್ತಿದ್ರಿ.”

“ಅದು ನಳ. ಇದು ಎಂಜಿನ್,” ಎಂದ ವೈಜನಾಥ. ಇಸ್ತ್ರಿ ಅಂಗಿ ಬಿಚ್ಚಿ ಜೀಪಿನೊಳಗೆ ಕೈಗೆ ಸಿಕ್ಕ ಕಡ್ಡಿಗೆ ನೇತುಹಾಕಿ, ಬನಿಯನ್ನಿನಲ್ಲಿ ನಿಂತ.

ಬಾನೆಟ್ಟು ತೆರೆದ ಸದ್ದಿಗೆ ಮೇಲಿನ ಮನೆಯ ಸಾಯಿಕುಮಾರ ಇಳಿದು ಬಂದ. ಅವನ ಫೋನಿನಲ್ಲಿ ಇಲ್ಲದ ವಿಡಿಯೊ ಇಲ್ಲ. “ಅಣ್ಣಾ, ಇಲ್ಲೊಬ್ಬ ಜೀಪಿನ ಎಂಜಿನ್ ತೆಗೀತಾನೆ ನೋಡು. ಚಹಾ ಕುಡಿಯೋ ಟೈಮಲ್ಲಿ ತೆಗೀತಾನೆ. ನಾನು ಹೇಳ್ತೀನಿ, ನೀನು ಮಾಡು.” ವಿಡಿಯೊದ ಜೀಪು ಬೇರೆ ಜಾತಿಯದು, ಮಾಡುವವನು ಯಾವ ದೇಶದವನೋ ಏನೋ.

ಮೊದಲು ರೇಡಿಯೇಟರ್ ಹೊರಬಂತು. ನೀರು ಖಾಲಿ ಮಾಡಬೇಕೆಂದು ವಿಡಿಯೊದವನು ಆಮೇಲೆ ಹೇಳಿದ. ತುಕ್ಕಿನ ಕೆಂಪು ನೀರು ಮನೆ ಯಜಮಾನಿ ಹಂಪಮ್ಮನವರ ರಂಗೋಲಿಯ ಮೇಲೆ ಹರಿದು ಗೇಟು ದಾಟಿತು.

“ಏನೋ ಅದು, ರಗತ ಹರದಂಗ!” ಹಂಪಮ್ಮ ಎಲೆಯಡಿಕೆ ಚೀಲದ ಸಮೇತ ಬಂದರು. ಬಯ್ಯಲು ಬಂದವರು ಬಿಚ್ಚಿದ ಜೀಪು ನೋಡಿ ಕುರ್ಚಿ ತರಿಸಿ ಕೂತುಬಿಟ್ಟರು. ಇಂಥದ್ದು ಟೀವಿಯಲ್ಲಿ ಎಲ್ಲಿ ಬರುತ್ತದೆ!

ಬಿಚ್ಚಿದ ಬೋಲ್ಟುಗಳು ಉರುಳಿ ಚರಂಡಿಯ ದಾರಿ ಹಿಡಿದವು. ಬೇರೆಬೇರೆ ಇಡಲು ಸಣ್ಣ ಬಟ್ಟಲು ಬೇಕಿತ್ತು. ವೈಜನಾಥ ಒಳಗೆ ಹೋಗಿ, ಗುಳಿಗುಳಿಯಾಗಿ ಇದಕ್ಕೆಂದೇ ಮಾಡಿಸಿದಂತಿದ್ದ ಪಾತ್ರೆಯೊಂದನ್ನು ಎತ್ತಿಕೊಂಡು ಬಂದ. ಸುವರ್ಣಾ ಚಹಾ ತಂದಾಗ ಅವಳ ಪಡ್ಡಿನ ಹಂಚಿನ ಒಂದೊಂದು ಗುಳಿಯಲ್ಲೂ ಗ್ರೀಸು ಬಳಿದ ಬೋಲ್ಟುಗಳು ಕೂತಿದ್ದವು.

“ಅಯ್ಯ ನನ್ನ ಕರ್ಮ! ನಮ್ಮವ್ವ ಕೊಟ್ಟ ಹಂಚ್ರೀ ಅದು! ಅಪ್ಪಗ ಏನು ಬೋಲ್ಟ್ ಬಡಸ್ಲಿ?”

“ನಿಮ್ಮಪ್ಪನ ಜೀಪು ನಿಮ್ಮವ್ವನ ಹಂಚಿನಾಗ ಐತಿ, ಬ್ಯಾರೇದವ್ರ ಮನಿಗೆ ಹೋಗಿಲ್ಲಲ್ಲ,” ಎಂದ ವೈಜನಾಥ. ಹೆಂಡತಿ ಚಹಾವನ್ನು ಹಂಪಮ್ಮನವರಿಗೆ ಕೊಟ್ಟು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನು ಎತ್ತಲು ಸಿದ್ಧವಾಯಿತು. ಎತ್ತುವುದು ಹೇಗೆ? ಪಕ್ಕದ ಕಟ್ಟಡದಲ್ಲಿ ಕೆಲಸಕ್ಕಿದ್ದ ಯಾದಗಿರಿ ಕಡೆಯ ಬೂದೆಪ್ಪ ಆಗಲೇ ಗೋಡೆಯ ಮೇಲಿಂದ ನೋಡುತ್ತಿದ್ದ. “ಸಾಹೇಬ್ರ, ನಮ್ಮ ಕಡಿ ಸರಪಳಿ ರಾಟಿ ಐತ್ರಿ. ಜೋತು ಬಿಡಾಕ ಒಂದು ಗಟ್ಟಿ ಜಾಗ ತೋರಸ್ರಿ ಸಾಕು.”

ಎಲ್ಲರೂ ಮೇಲೆ ನೋಡಿದರು. ಪೋರ್ಟಿಕೋದ ಸ್ಲ್ಯಾಬಿನಲ್ಲಿ ಹಂಪಮ್ಮನವರ ಜೋಕಾಲಿಯ ಕಬ್ಬಿಣದ ಕೊಂಡಿ ಇತ್ತು. ಜೀಪು ಬಂದ ದಿನದಿಂದ ಜೋಕಾಲಿ ಬಿಚ್ಚಿ ಒಳಗಿಟ್ಟಿದ್ದರು.

“ನನ್ನ ಕೊಂಡಿಗೆ? ಆಗೂದಿಲ್ಲಪ! ನನ್ನ ಮಾಳಿಗಿ ಬಿದ್ರ?”

“ಇಪ್ಪತ್ತು ವರ್ಷ ನಿಮ್ಮನ್ನ ಹೊತ್ತೈತಲ್ರಿ ಅಮ್ಮಾರ, ಎಂಜಿನ್ ಏನು ಮಹಾ,” ಅಂದುಬಿಟ್ಟ ಬೂದೆಪ್ಪ. ಹಂಪಮ್ಮ ಹೊಗಳಿಕೆಯೆಂದೇ ತಿಳಿದು, ಹೂಂ ಅಂದರು.

ಬೂದೆಪ್ಪ ಗೋಡೆ ಹಾರಿ ಬಂದು, ರಾಟಿಯನ್ನು ಕೊಂಡಿಗೆ ಸಿಕ್ಕಿಸಿ ಸರಪಳಿ ಎಳೆದ. ಕಟಕಟ ಎಂದು ಬಿಗಿಯಾಯಿತು. ಮತ್ತೆ ಎಳೆದ. ಎಂಜಿನ್ನು ಏಳಲಿಲ್ಲ. ಬದಲಿಗೆ ಜೀಪಿನ ಮುಂದಿನ ಎರಡೂ ಗಾಲಿಗಳು ಮೆಲ್ಲಗೆ ನೆಲ ಬಿಟ್ಟವು.

“ಅಣ್ಣಾ, ನಿಲ್ಸು ನಿಲ್ಸು! ಜೀಪೇ ಬರ್ತಾ ಇದೆ!” ಎಂದು ಸಾಯಿಕುಮಾರ ಕೂಗಿದ.

“ವಿಡಿಯೊದಾಗ ಏನು ಮಾಡ್ತಾನ ನೋಡೋ!”

“ಅಡ್ವರ್ಟೈಸ್ ಬಂದಿದೆ ಅಣ್ಣಾ! ಬನಿಯನ್ನಿಂದು!”

ಹಂಪಮ್ಮ ಕೊಂಡಿಗೆ ಕೈಮುಗಿದು ನಿಂತರು. ಕೆಳಗೆ ಬಿಚ್ಚದೆ ಉಳಿದ ಬೋಲ್ಟೊಂದು ವೈಜನಾಥನಿಗೆ ಆಗ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಕೈಬಿಡುತ್ತಿದ್ದರು. ಇವನ ಕಣ್ಣ ಮುಂದೆ ಜೀಪಿನಲ್ಲಿ ಕೈ ಬೀಸುತ್ತ ಹೋಗುವ ಶಿವಪ್ರಕಾಶ ಬಂದ. ಹಲ್ಲು ಕಚ್ಚಿ, ಉದ್ದ ಸ್ಪ್ಯಾನರ್ ತೂರಿಸಿ, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದ. ಬೋಲ್ಟು ಸಡಿಲಿತು, ಜೀಪು ಧಡಾರನೆ ನೆಲಕ್ಕೆ ಕೂತಿತು, ಎಂಜಿನ್ನು ಮಾತ್ರ ಸರಪಳಿಯಲ್ಲಿ ತೂಗುತ್ತ ಮೇಲೆ ಉಳಿಯಿತು.

ಅಷ್ಟರಲ್ಲಿ ಗೇಟಿನ ಬಳಿ ನೆರೆದಿದ್ದ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಸುವರ್ಣಾ ಕೂಡ ಕಿಟಕಿಯಿಂದ ನೋಡಿ, ನಗು ಬಂದದ್ದಕ್ಕೆ ಸಿಟ್ಟಾಗಿ, ಕಿಟಕಿ ಮುಚ್ಚಿದಳು. ವೈಜನಾಥನಿಗೆ ಎದೆ ಉಬ್ಬಿ ಕಣ್ಣಲ್ಲಿ ನೀರೇ ಬಂತು. ಹೊಸ ಪ್ಲೇಟ್ ತರಲು ಅಳತೆಗೆಂದು ಹಳೆಯ ಕ್ಲಚ್ ಪ್ಲೇಟ್ ಬಿಚ್ಚಿ ಬಟ್ಟೆಯಿಂದ ಒರೆಸಿದ. ಅದು ಮೊನ್ನೆ ಅಂಗಡಿಯಿಂದ ತಂದಂತೆ ಇತ್ತು.

“ಅಣ್ಣಾ, ಇದಕ್ಕೇನೂ ಆಗಿಲ್ಲವಲ್ಲ,” ಎಂದ ಸಾಯಿಕುಮಾರ.

ವೈಜನಾಥ ಪ್ಲೇಟನ್ನು ಮತ್ತೆ ಮತ್ತೆ ತಿರುವಿ ನೋಡಿದ. ಅದೇ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಕಪ್ಪು ಕನ್ನಡಕದ ಹುಸೇನಪ್ಪನವರು ಇಳಿದರು. ಮುಂಚಿನ ಬಸ್ಸು ಸಿಕ್ಕಿತ್ತಂತೆ.

ಅವರು ಒಮ್ಮೆ ಎಂಜಿನ್ನಿಲ್ಲದ ಜೀಪು ನೋಡಿದರು, ಒಮ್ಮೆ ಜೀಪಿಲ್ಲದ ಎಂಜಿನ್ನು ನೋಡಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಡಾಕ್ಟರ್ ಕೆಡಿಸ್ಯಾನೇನು ನನ್ನ ಕಣ್ಣು?”

“ಇಲ್ರಿ ಮಾವಾ. ಚಾಲೂ ಆಗ್ತಿತ್ತು, ಮುಂದ ಹೋಗ್ತಿರ್ಲಿಲ್ಲ. ಕ್ಲಚ್ ಅಂತ...”

ಮಾವ ಜೀಪಿನೊಳಗೆ ಬಗ್ಗಿದರು. ಅಳಿಯನ ಇಸ್ತ್ರಿ ಅಂಗಿಯನ್ನು ಎತ್ತಿದರು. ಗೇರಿನ ಕಡ್ಡಿಯ ಪಕ್ಕದಲ್ಲಿ ಅಂಗಿ ಹೊತ್ತು ನಿಂತಿದ್ದ ಇನ್ನೊಂದು ಸಣ್ಣ ಕಡ್ಡಿ ಕಂಡಿತು.

“ಈ ಫೋರ್‌ವೀಲ್ ಕಡ್ಡಿ ನಡುವ ಐತಲ್ರಿ ಅಳಿಯಂದ್ರ. ನಡುವ ಅಂದ್ರ ನ್ಯೂಟ್ರಲ್, ಗಾಲಿಗೆ ಎಂಜಿನ್ ಜೋರೇ ಹೋಗೂದಿಲ್ಲ. ನಾನ ಇಟ್ಟು ಹೋಗಿದ್ದೆ, ಕಳ್ಳರು ಚಾಲೂ ಮಾಡಿದ್ರೂ ಒಯ್ಯಬಾರದು ಅಂತ. ಬಸ್ ಹತ್ತೂವಾಗ ಅದನ್ನ ಹೇಳಾಕ ಬಂದ್ರ, ಗೊತ್ತೈತಿ ಅಂದ್ರಿ.”

ಹಂಪಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಬೂದೆಪ್ಪ ಗೋಡೆಯ ಆಚೆ ಇಳಿದ. ವೈಜನಾಥನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆದರೆ ಮಾವ ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಪಡ್ಡಿನ ಹಂಚಿನಿಂದ ಬೋಲ್ಟೊಂದನ್ನು ಎತ್ತಿ ಬೆಳಕಿಗೆ ಹಿಡಿದರು. “ಒಂದೂ ಮುರದಿಲ್ಲ! ಇದನ್ನ ಇಳಸಾಕ ನಮ್ಮೂರ ಮೇಸ್ತ್ರಿ ಮೂರು ಮಂದಿ ಕರೀತಿದ್ದ. ನೀವೊಬ್ರ ಮಾಡೀರಿ!”

“ಹೌದ್ರಿ ಮಾವಾ,” ಎಂದ ವೈಜನಾಥ. ಹೋದ ಜೀವ ಬಂದಂತಾಯಿತು.

“ಇಂಥಾ ಕೈ ನಮ್ಮ ಮನೆತನದಾಗ ಯಾರಿಗೂ ಇಲ್ಲ. ಶಿವಪ್ರಕಾಶರನ್ನ ನೋಡ್ರಿ, ಏನೂ ಗೊತ್ತಿಲ್ಲ. ದಿನಾ ಫೋನ್ ಮಾಡಿ ಎಣ್ಣಿ ಯಾವುದು, ಕಡ್ಡಿ ಯಾವುದು ಅಂತ ಕೇಳ್ತಾರ. ಹೇಳಿದ್ದು ಹೇಳಿದಂಗ ಕೇಳ್ತಾರ, ಅದು ಖರೆ. ಆದ್ರ ಜೀಪು ಕೆಟ್ಟು ನಿಂತ್ರ ಅವ್ರ ಗತಿ ಏನು ಅಂತ ನನಗ ಭಾಳ ಚಿಂತಿ ಇತ್ತು. ಇವತ್ತು ಆ ಚಿಂತಿ ಹೋತು.” ಮಾವ ಅಳಿಯನ ಗ್ರೀಸು ಹತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಜೀಪು ಅವ್ರು ಓಡಸ್ಲಿ. ಕೆಟ್ರ ರಿಪೇರಿಗೆ ನೀವಿದ್ದೀರಲ್ಲ!”

ವೈಜನಾಥ ಮೆಲ್ಲಗೆ ಕೈ ಬಿಡಿಸಿಕೊಂಡು ಬನಿಯನ್ನಿಗೆ ಒರೆಸಿಕೊಂಡ.

“ನಾಳಿ ಬೆಳಿಗ್ಗೆ ಅವ್ರು ಒಯ್ಯಾಕ ಬರ್ತಾರ. ಅಷ್ಟರಾಗ ಎಂಜಿನ್ ಕೂಡಿಸಿ ಇಡ್ರಿ. ಬಿಚ್ಚಿದಂಗ ಕೂಡ್ಸೂದೂ ಗೊತ್ತೈತಲ್ರಿ?”

ಸಾಯಿಕುಮಾರ ಫೋನು ತಿರುಗಿಸಿ ತೋರಿಸಿದ. ಎಂಜಿನ್ನು ಹೊರಬಂದಲ್ಲಿಗೆ ವಿಡಿಯೊ ಮುಗಿದಿತ್ತು. ಬಾಗಿಲಲ್ಲಿ ನಿಂತ ಸುವರ್ಣಾ ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ಗಂಡನಿಗೆ ಜೋರಾಗಿ ತಲೆಯಾಡಿಸಿದಳು. ಹಂಪಮ್ಮನವರ ಜೋಕಾಲಿಯ ಜಾಗದಲ್ಲಿ ಎಂಜಿನ್ನು ಮೆಲ್ಲಗೆ ತೂಗುತ್ತಿತ್ತು.

“ಗೊತ್ತೈತ್ರಿ ಮಾವಾ,” ಎಂದ ವೈಜನಾಥ.